45, 90, 50: ಇವುಗಳಲ್ಲಿ ಬೆಲ್ಟಿನ ದನಿ ಯಾವುದು?

ಪ್ರಶ್ನೆ: ರಾಣೆಬೆನ್ನೂರಿನ ಹತ್ತಿರ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. 10 ಎಚ್‌ಪಿ ಮೋಟಾರು, ನಿಮಿಷಕ್ಕೆ 1440 ಸುತ್ತು. ಮೋಟಾರಿನ ಪುಲ್ಲಿ 140 ಮಿ.ಮೀ., ಗಿರಣಿಯ ಪುಲ್ಲಿ 280 ಮಿ.ಮೀ., ಮೂರು ಬಿ-72 ಬೆಲ್ಟುಗಳು. ನಾಲ್ಕೈದು ತಿಂಗಳಿಗೊಮ್ಮೆ ಒಂದಲ್ಲ ಒಂದು ಬೆಲ್ಟ್ ಕಿತ್ತುಹೋಗುತ್ತದೆ. ಮೋಟಾರಿನಲ್ಲಿ ಪುಲ್ಲಿ ಕಡೆಯ ಬೇರಿಂಗ್ ಕೈ ಇಡಲಾಗದಷ್ಟು ಕಾಯುತ್ತದೆ. ಮೇಸ್ತ್ರಿಯವರು ಹೆಬ್ಬೆರಳಿನಿಂದ ಒತ್ತಿ ನೋಡಿ ಸರಿಯಾಗಿದೆ ಎನ್ನುತ್ತಾರೆ. ಕಾಲೇಜಿಗೆ ಹೋಗುವ ಮಗ ಮೊಬೈಲಿನಲ್ಲಿ ಗಿಟಾರ್ ಶ್ರುತಿ ಮಾಡುವ ಆ್ಯಪ್ ಹಾಕಿಕೊಂಡು ಬೆಲ್ಟನ್ನು ಮೀಟಿ ನೋಡಿದ. ಒಮ್ಮೆ 45, ಒಮ್ಮೆ 90, ಒಮ್ಮೆ 50 ಹರ್ಟ್ಸ್ ತೋರಿಸುತ್ತದೆ. ಯಾವುದನ್ನು ನಂಬಬೇಕು? ನಿಜವಾಗಿ ಎಷ್ಟಿರಬೇಕು?

ಉತ್ತರ: 45 ಅನ್ನು ನಂಬಿ. ಇರಬೇಕಾದದ್ದು 32ರ ಆಸುಪಾಸು. ನಿಮ್ಮ ಬೇರಿಂಗಿನ ಬಿಸಿ ಬಹುಮಟ್ಟಿಗೆ ಈ ಎರಡು ಸಂಖ್ಯೆಗಳ ನಡುವೆ ಇದೆ ಎಂಬುದು ನನ್ನ ಅನುಮಾನ. ಮಗನಿಗೆ ನನ್ನ ಮೆಚ್ಚುಗೆ ತಿಳಿಸಿ. ಅವನು ಹಿಡಿದ ದಾರಿ ಸರಿಯಾದದ್ದೇ, ಕೈಗೆತ್ತಿಕೊಂಡ ಆ್ಯಪ್ ಮಾತ್ರ ಈ ಕೆಲಸಕ್ಕೆ ಹುಟ್ಟಿದ್ದಲ್ಲ.

ತಂಬೂರಿಯ ಬಿರಡೆ ತಿರುವಿದರೆ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ದಪ್ಪ ತಂತಿ ಮಂದ್ರದಲ್ಲಿ ನುಡಿಯುತ್ತದೆ, ತೆಳು ತಂತಿ ಮೇಲೆ ನುಡಿಯುತ್ತದೆ. ಉದ್ದ ತಂತಿಗಿಂತ ಗಿಡ್ಡ ತಂತಿಯ ದನಿ ಎತ್ತರ. ಈ ಮೂರನ್ನೂ ಲೆಕ್ಕಕ್ಕೆ ಇಳಿಸಿದವನು ಮಾರಾನ್ ಮೆರ್ಸೆನ್ ಎಂಬ ಫ್ರೆಂಚ್ ಸಂನ್ಯಾಸಿ, 1636ರಲ್ಲಿ. ಬೆಲ್ಟ್ ಕೂಡ ಎರಡು ಪುಲ್ಲಿಗಳ ನಡುವೆ ಕಟ್ಟಿದ ತಂತಿಯೇ. ಆದ್ದರಿಂದ ಅದರ ಬಿಗಿತ ತಿಳಿಯಲು ಬೇಕಾದ ಸೂತ್ರವೂ ಅದೇ: ಒಂದು ಮೀಟರ್ ಬೆಲ್ಟಿನ ತೂಕ, ನಡುವಿನ ಉದ್ದದ ವರ್ಗ, ಆವೃತ್ತಿಯ (ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದರ) ವರ್ಗ, ಈ ಮೂರನ್ನೂ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಿ. ತೂಕ ಕಿಲೋಗ್ರಾಮಿನಲ್ಲಿ, ಉದ್ದ ಮೀಟರಿನಲ್ಲಿ, ಆವೃತ್ತಿ ಹರ್ಟ್ಸ್‌ನಲ್ಲಿ ಇದ್ದರೆ ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ. ಸುಮಾರು 10 ನ್ಯೂಟನ್ ಎಂದರೆ ಒಂದು ಕಿಲೋ ತೂಕದ ಎಳೆತ ಎಂದು ನೆನಪಿಟ್ಟುಕೊಂಡರೆ ಸಾಕು.

ತೂಕಕ್ಕಾಗಿ ಕೈಪಿಡಿ ಹುಡುಕಬೇಕಾಗಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಹೊಸ ಬೆಲ್ಟನ್ನು ಇಡಿ. ಬಿ-72 ಎಂಬ ಹೆಸರಿನಲ್ಲಿರುವ 72 ಬೆಲ್ಟಿನ ಒಳಸುತ್ತಿನ ಅಂಗುಲ ಲೆಕ್ಕ, ಅಂದರೆ 1829 ಮಿ.ಮೀ. ಎಳೆತವನ್ನು ಹೊರುವ ದಾರಗಳು ಒಳಸುತ್ತಿನಿಂದ ಸ್ವಲ್ಪ ಮೇಲೆ ಇರುವುದರಿಂದ ಅಲ್ಲಿ ಅಳೆದರೆ ಸುಮಾರು 1872 ಮಿ.ಮೀ. ಆಗುತ್ತದೆ. ತಕ್ಕಡಿಯಲ್ಲಿ 340 ಗ್ರಾಂ ಬಂದರೆ, 0.340 ಅನ್ನು 1.872ರಿಂದ ಭಾಗಿಸಿ: ಮೀಟರಿಗೆ 0.18 ಕಿಲೋಗ್ರಾಂ. ಸಾಮಾನ್ಯ ಬಿ ಬೆಲ್ಟುಗಳು ಈ ಆಸುಪಾಸಿನಲ್ಲೇ ಇರುತ್ತವೆ. ಹಲ್ಲು ಕತ್ತರಿಸಿದ ಒಳಬದಿಯ ಬೆಲ್ಟಾದರೆ ತೂಕ ಬೇರೆ, ಅದನ್ನು ಬೇರೆಯಾಗಿಯೇ ತೂಗಬೇಕು.

ಉದ್ದದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಎರಡು ಶಾಫ್ಟುಗಳ ನಡುವಿನ ಅಂತರವನ್ನೇ ಅಳೆದು ಬರೆದುಕೊಳ್ಳುತ್ತಾರೆ. ಬೇಕಾದದ್ದು ಅದಲ್ಲ. ಬೆಲ್ಟ್ ಒಂದು ಪುಲ್ಲಿಯನ್ನು ಬಿಟ್ಟು ಇನ್ನೊಂದನ್ನು ಮುಟ್ಟುವವರೆಗೆ ಗಾಳಿಯಲ್ಲಿ ನೆಟ್ಟಗೆ ನಿಂತಿರುವ ತುಂಡು, ಅದರ ಉದ್ದ ಬೇಕು. ಅದಕ್ಕೆ ಸ್ಪ್ಯಾನ್ ಎನ್ನುತ್ತೇವೆ. ನಿಮ್ಮ ಪುಲ್ಲಿಗಳಿಗೆ ಬಿ-72 ಕೂರಬೇಕಾದರೆ ಶಾಫ್ಟುಗಳ ಅಂತರ 600 ಮಿ.ಮೀ. ಹತ್ತಿರ ಇರಲೇಬೇಕು. ವ್ಯಾಸಗಳ ವ್ಯತ್ಯಾಸ 140, ಅದರ ಅರ್ಧ 70. 600ರ ವರ್ಗದಲ್ಲಿ 70ರ ವರ್ಗ ಕಳೆದು ವರ್ಗಮೂಲ ತೆಗೆದರೆ 596. ನಿಮ್ಮಲ್ಲಿ ವ್ಯತ್ಯಾಸ ನಾಲ್ಕೇ ಮಿಲಿಮೀಟರ್. ಒಂದು ಪುಲ್ಲಿ ಚಿಕ್ಕದು, ಇನ್ನೊಂದು ಬಂಡಿಯ ಗಾಲಿಯಷ್ಟು ದೊಡ್ಡದು ಇರುವ ಕಡೆ ಇದೇ ತಪ್ಪು ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಈಗ 0.18ನ್ನೂ 0.596ರ ವರ್ಗವನ್ನೂ 4ನ್ನೂ ಗುಣಿಸಿಟ್ಟುಕೊಳ್ಳಿ: 0.256. ಇದು ನಿಮ್ಮ ಗಿರಣಿಯ ಸ್ವಂತ ಅಂಕಿ. ಇನ್ನು ಮುಂದೆ ಆವೃತ್ತಿಯನ್ನು ಅದರಿಂದಲೇ ಗುಣಿಸಿ 0.256ರಿಂದ ಮತ್ತೆ ಗುಣಿಸಿದರೆ ಬಿಗಿತ ಸಿಗುತ್ತದೆ. 45ಕ್ಕೆ ಹಾಕಿ ನೋಡಿ: 518 ನ್ಯೂಟನ್. ಒಂದೊಂದು ಬೆಲ್ಟಿನ ಒಂದೊಂದು ಬದಿಯಲ್ಲಿ 50 ಕಿಲೋ ದಾಟಿದ ಎಳೆತ, ಅದೂ ಗಿರಣಿ ನಿಂತಿರುವಾಗ.

ಎಷ್ಟು ಬೇಕಿತ್ತು? ಹತ್ತು ಎಚ್‌ಪಿ ಎಂದರೆ 7.5 ಕಿಲೋವಾಟ್. ದಿನವಿಡೀ ಓಡುವ, ಕಾಳು ಸುರಿದಾಗ ಜಗ್ಗುವ ಯಂತ್ರವೆಂದು ಅದನ್ನು 1.3 ಪಟ್ಟು ಮಾಡಿ 9.75 ಎಂದು ಹಿಡಿದಿದ್ದೇನೆ. 140 ಮಿ.ಮೀ. ಪುಲ್ಲಿ 1440 ಸುತ್ತಿನಲ್ಲಿ ತಿರುಗಿದರೆ ಬೆಲ್ಟಿನ ವೇಗ ಸೆಕೆಂಡಿಗೆ 10.56 ಮೀಟರ್. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಮೂರೂ ಬೆಲ್ಟುಗಳು ಸೇರಿ ಎಳೆಯಬೇಕಾದ ಬಲ ಬರುತ್ತದೆ, 923 ನ್ಯೂಟನ್. ಒಂದೊಂದರ ಪಾಲಿಗೆ 308. ಬೆಲ್ಟ್ ಓಡುವಾಗ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಆ ಎರಡರ ವ್ಯತ್ಯಾಸವೇ ಕೆಲಸ ಮಾಡುವುದು. ವಿ ಬೆಲ್ಟಿಗೆ (ವಿ ಆಕಾರದ ತೋಡಿನಲ್ಲಿ ಕೂರುವ ನಿಮ್ಮದರಂಥ ಬೆಲ್ಟಿಗೆ) ಬಿಗಿ ಬದಿ ಸಡಿಲ ಬದಿಯ ಐದು ಪಟ್ಟು ಇರಲಿ ಎಂಬುದು ವಿನ್ಯಾಸಕಾರರ ವಾಡಿಕೆ. ಹಾಗೆ ಹಂಚಿದರೆ 385 ಮತ್ತು 77, ಅವುಗಳ ಸರಾಸರಿ 231. ಬೆಲ್ಟ್ ಚಿಕ್ಕ ಪುಲ್ಲಿಯನ್ನು ಪೂರ್ತಿ ಅರ್ಧ ಸುತ್ತು ಅಪ್ಪಿಕೊಳ್ಳುವುದಿಲ್ಲವಾದ್ದರಿಂದ ಇನ್ನೊಂದು 12 ನ್ಯೂಟನ್ ಸೇರಿಸಿ. ವೇಗದಲ್ಲಿ ಬೆಲ್ಟ್ ತನ್ನನ್ನು ತಾನೇ ಹೊರಕ್ಕೆ ಎಸೆದುಕೊಳ್ಳುವುದಕ್ಕೆ ಇನ್ನೊಂದು 20. ಒಟ್ಟು 263 ನ್ಯೂಟನ್. ಸೂತ್ರವನ್ನು ಹಿಂದುಮುಂದು ಮಾಡಿ ಆವೃತ್ತಿ ಕೇಳಿದರೆ 32 ಎನ್ನುತ್ತದೆ.

45 ಮತ್ತು 32 ಕೇಳಲು ದೂರವೇನಲ್ಲ. ಆದರೆ ಬಿಗಿತ ಏರುವುದು ಆವೃತ್ತಿಯ ವರ್ಗಕ್ಕೆ ತಕ್ಕಂತೆ. 518ಕ್ಕೂ 263ಕ್ಕೂ ಇರುವುದು ಎರಡರಷ್ಟು ಅಂತರ. ಮೂರೂ ಬೆಲ್ಟುಗಳು 45ರಲ್ಲೇ ಇವೆ ಎಂದುಕೊಂಡರೆ, ಪ್ರತಿಯೊಂದಕ್ಕೂ ಎರಡು ಬದಿ: 160 ಕಿಲೋ ಎಳೆತ ಹೊರಬೇಕಾಗಿದ್ದ ಮೋಟಾರಿನ ಶಾಫ್ಟು ಈಗ ಮುನ್ನೂರು ಕಿಲೋ ದಾಟಿದ್ದನ್ನು ಹಗಲೂ ರಾತ್ರಿ ಹೊರುತ್ತಿದೆ. ರಾತ್ರಿ ಗಿರಣಿ ನಿಂತಾಗಲೂ ಆ ಎಳೆತ ಇಳಿಯುವುದಿಲ್ಲ. ಗುಂಡು ಬೇರಿಂಗಿನ ಆಯುಷ್ಯ ಹೊರೆಯ ಘನಕ್ಕೆ ವಿಲೋಮ. ಹೊರೆ ಎರಡರಷ್ಟಾದರೆ ಆಯುಷ್ಯ ಎಂಟನೇ ಒಂದು ಭಾಗ. ಎಂಟು ವರ್ಷ ಬಾಳುವ ಬೇರಿಂಗ್ ಒಂದೇ ವರ್ಷಕ್ಕೆ ಗೊರಗುಟ್ಟಲು ಶುರುಮಾಡಿದರೆ ಬೇರಿಂಗ್ ಮಾರಿದವರನ್ನು ಬೈಯಬೇಡಿ.

ಮೇಸ್ತ್ರಿಯವರ ಹೆಬ್ಬೆರಳನ್ನು ಹಗುರ ಮಾಡುವ ಇರಾದೆ ನನಗಿಲ್ಲ. ದಾವಣಗೆರೆಯ ಒಂದು ಹತ್ತಿ ಗಿರಣಿಯ ದುರಸ್ತಿ ವಿಭಾಗದಲ್ಲಿ ನಾನು ಕೆಲಸ ಕಲಿತದ್ದೇ ಅಂಥ ಹೆಬ್ಬೆರಳುಗಳಿಂದ. ತೊಂದರೆ ಇರುವುದು ಬೇರೆ ಕಡೆ. ನಿಮ್ಮ ಸ್ಪ್ಯಾನಿನ ನಡುವೆ ಬೆಲ್ಟ್ ಒಂಬತ್ತೂವರೆ ಮಿ.ಮೀ. ತಗ್ಗಬೇಕಾದರೆ ಸರಿಯಾದ ಬಿಗಿತದಲ್ಲಿ ಎರಡು ಕಿಲೋ ಆಸುಪಾಸಿನ ಬಲ ಬೇಕು, ಈಗಿನ ಬಿಗಿತದಲ್ಲಿ ಮೂರೂವರೆ ಕಿಲೋ. ಹಾರೆ ಹಾಕಿ ಮೋಟಾರನ್ನು ಸರಿಸಿ, ಬೋಲ್ಟು ಬಿಗಿದು ಸುಸ್ತಾದ ಕೈಗೆ ಎರಡು ಕಿಲೋಗೂ ಮೂರೂವರೆಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಎಷ್ಟು ತಗ್ಗಿತು ಎಂಬುದನ್ನು ಕಣ್ಣು ನೋಡುತ್ತದೆ, ಎಷ್ಟು ಬಲ ಹಾಕಿದೆ ಎಂಬುದನ್ನು ಬೆರಳು ಬರೆದಿಟ್ಟುಕೊಳ್ಳುವುದಿಲ್ಲ. ಅವರಿಗೆ ಒಂದು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಕೊಡಿಸಿ. ಮೊಬೈಲಿನ ಲೆಕ್ಕವನ್ನು ಅದರಿಂದ ತಾಳೆ ನೋಡಬಹುದು. ನಾನು ಈಗಲೂ ಎರಡನ್ನೂ ಮಾಡುತ್ತೇನೆ.

ಇನ್ನು ನಿಮ್ಮ ಮೂರು ಸಂಖ್ಯೆಗಳ ಜಗಳ.

50 ಬೆಲ್ಟಿನದಲ್ಲ, ವಿದ್ಯುತ್ತಿನದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ ಬಡಿಯುತ್ತದೆ. ಟ್ಯೂಬ್‌ಲೈಟಿನ ಚೋಕು, ಪಕ್ಕದ ಟ್ರಾನ್ಸ್‌ಫಾರ್ಮರು, ಓಡುತ್ತಿರುವ ಫ್ಯಾನು ಎಲ್ಲವೂ 50ರಲ್ಲೋ 100ರಲ್ಲೋ ಗುಂಯ್‌ಗುಡುತ್ತಿರುತ್ತವೆ. ಬೆಲ್ಟನ್ನು ಮೀಟದೆ ಸುಮ್ಮನೆ ಮೊಬೈಲ್ ಹಿಡಿದರೂ ಆ 50 ಅಲ್ಲೇ ಇರುತ್ತದೆ, ನೋಡಿ. ಗಿರಣಿಯ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಅಳೆಯಿರಿ. ಸದ್ದಿಗಾಗಿ ಮಾತ್ರ ಹೇಳುತ್ತಿಲ್ಲ. ಗಾರ್ಡ್ ತೆಗೆದು ಪುಲ್ಲಿಗಳ ನಡುವೆ ಕೈ ಹಾಕಿದವರಿರುವಾಗ ಯಾರೋ ಬಂದು ಸ್ವಿಚ್ ಒತ್ತುವುದು ನಮ್ಮ ಗಿರಣಿಗಳಲ್ಲಿ ಹೊಸದಲ್ಲ.

90 ಬೆಲ್ಟಿನದೇ, ಆದರೆ ಮೂಲ ಸ್ವರ ಅಲ್ಲ. ತಂತಿ ಇಡಿಯಾಗಿ ತೂಗುವಾಗಲೇ ಎರಡು ಅರ್ಧಗಳಾಗಿ, ಮೂರು ಪಾಲುಗಳಾಗಿಯೂ ತೂಗುತ್ತಿರುತ್ತದೆ. ಅರ್ಧಗಳ ತೂಗಾಟ ಮೂಲದ ಎರಡರಷ್ಟು ಆವೃತ್ತಿಯದು. ಮೊಬೈಲಿನ ಮೈಕು ಮನುಷ್ಯರ ಮಾತು ಕೇಳಲು ಮಾಡಿದ್ದು, ಅಷ್ಟು ತಗ್ಗಿದ ಸದ್ದಿಗೆ ಅದು ಅರೆಕಿವುಡು. ಗಿಟಾರಿನ ಅತಿ ಮಂದ್ರ ತಂತಿಯೇ 82 ಹರ್ಟ್ಸ್. ಬೇಸ್ ಗಿಟಾರಿನದು 41. ನಿಮಗೆ ಬೇಕಾದ 32 ಅದಕ್ಕೂ ಕೆಳಗೆ. ಗಿಟಾರಿನ ಆ್ಯಪಿಗೆ 90 ಪರಿಚಿತ ಊರು, 45 ಗಡಿ, 32 ಪರದೇಶ. ಹಾಗಾಗಿ ಅದು ಸಿಕ್ಕಿದ ಜೋರು ದನಿಯನ್ನು ಹಿಡಿದುಕೊಂಡು ಕೂರುತ್ತದೆ. ಎಲ್ಲ ಆವೃತ್ತಿಗಳನ್ನೂ ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಬಳಸಲಿ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗಾಗಿ ಮಾಡಿದ ಫೈಫಾಕ್ಸ್ ಉಚಿತವಾಗಿಯೇ ಸಿಗುತ್ತದೆ.

90 ಅನ್ನು ಅಡಗಿಸಲು ಇನ್ನೊಂದು ಉಪಾಯವಿದೆ: ಸ್ಪ್ಯಾನಿನ ಸರಿಯಾಗಿ ನಡುಮಧ್ಯದಲ್ಲಿ ಮೀಟಿ. ಎರಡು ಅರ್ಧಗಳಾಗಿ ತೂಗುವಾಗ ನಡುಬಿಂದು ಅಲುಗುವುದಿಲ್ಲ. ಅಲುಗದಿರಬೇಕಾದ ಜಾಗವನ್ನೇ ಎಳೆದು ಬಿಟ್ಟರೆ ಆ ತೂಗಾಟ ಹುಟ್ಟುವುದಿಲ್ಲ. ಈ ನಿಯಮಕ್ಕೆ ತಂಬೂರಿ ಮತ್ತು ವೀಣೆ ಮಣಿಯುವುದಿಲ್ಲ ಎಂದು 1921ರಲ್ಲಿ ತೋರಿಸಿದವರು ಸಿ.ವಿ. ರಾಮನ್. ಅಲ್ಲಿ ತಂತಿ ಬಾಗಿದ ಕುದುರೆಯ (ತಂತಿಯನ್ನು ಹೊತ್ತು ನಿಲ್ಲುವ ಆಸರೆಯ) ಮೈಯನ್ನು ಸವರುತ್ತಾ ನುಡಿಯುವುದರಿಂದ ಇರಬಾರದ ಸ್ವರಗಳೂ ಎದ್ದು ಬರುತ್ತವೆ, ನಾದ ತುಂಬಿಕೊಳ್ಳುತ್ತದೆ. ಪುಲ್ಲಿಯ ಮೈಯೂ ಬಾಗಿದ್ದೇ ಅಲ್ಲವೇ ಎಂದು ನನಗೆ ಆಗಾಗ ಅನಿಸುವುದುಂಟು. ಆದರೆ ರಬ್ಬರಿಗೂ ತಂತಿಗೂ ಅಷ್ಟು ನೆಂಟಸ್ತಿಕೆ ಕಟ್ಟುವ ಧೈರ್ಯ ನನಗಿಲ್ಲ. ನಡುವೆ ಮೀಟಿದರೆ 90 ಪೂರ್ತಿ ಸಾಯದಿದ್ದರೂ ಕುಗ್ಗುತ್ತದೆ, ಅಷ್ಟು ಸಾಕು.

ಇಷ್ಟಾದ ಮೇಲೂ ಯಾವುದು ಬೆಲ್ಟಿನ ದನಿ ಎಂಬ ಅನುಮಾನ ಉಳಿದರೆ ಮೋಟಾರನ್ನು ಸರಿಸುವ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಮೀಟಿ. ಅದರ ಜೊತೆ ಇಳಿದ ಸಂಖ್ಯೆ ಬೆಲ್ಟಿನದು. ಕದಲದೆ ನಿಂತದ್ದು ಕರೆಂಟಿನದೋ, ತಗಡಿನ ಗಾರ್ಡಿನದೋ, ಮೋಟಾರು ಕೂತ ಚೌಕಟ್ಟಿನದೋ ಆಗಿರುತ್ತದೆ. ಈ ಒಂದು ಪರೀಕ್ಷೆ ನನ್ನನ್ನು ಬಹಳ ಸಲ ಉಳಿಸಿದೆ.

ಮೈಕು ಎಷ್ಟಕ್ಕೂ ಕೇಳಿಸಿಕೊಳ್ಳದಿದ್ದರೆ ಕ್ಯಾಮೆರಾ ಇದೆ. ಈಗಿನ ಎಷ್ಟೋ ಮೊಬೈಲುಗಳಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ನಿಧಾನಗತಿಯ ವಿಡಿಯೊ ಇರುತ್ತದೆ. ಬೆಲ್ಟಿನ ಅಂಚಿನ ನಡುವೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು, ಬಿಸಿಲಿನ ಬೆಳಕಿನಲ್ಲಿ, ಮೊಬೈಲನ್ನು ಅಲುಗದಂತೆ ನಿಲ್ಲಿಸಿ ಮೀಟಿ. ಟ್ಯೂಬ್‌ಲೈಟಿನ ಕೆಳಗೆ ಬೇಡ, ಅದು ಮಿನುಗಿ ಚಿತ್ರ ಕೆಡಿಸುತ್ತದೆ. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತಾ ಚುಕ್ಕೆ ಎಂಟು ಸಲ ಮೇಲೆ ಕೆಳಗೆ ಹೋಗಿ ಬರಲು ಎಷ್ಟು ಚಿತ್ರ ಬೇಕಾಯಿತು ಎಂದು ಎಣಿಸಿ. 60 ಚಿತ್ರ ಆದರೆ 32 ಹರ್ಟ್ಸ್. 43 ಆದರೆ 45 ಹರ್ಟ್ಸ್. ಕಿವಿಗೆ ಹತ್ತಿರವೆನಿಸಿದ ಎರಡು ಸಂಖ್ಯೆಗಳು ಹೀಗೆ ಎಣಿಸಿದಾಗ ಎಷ್ಟು ದೂರ ನಿಲ್ಲುತ್ತವೆ ನೋಡಿ. ಮೊಬೈಲನ್ನೇ ಬೆಲ್ಟಿಗೆ ಕಟ್ಟುವ ಯೋಚನೆ ಮಾತ್ರ ಬೇಡ. ಇಡೀ ಬೆಲ್ಟಿನ ತೂಕವೇ 340 ಗ್ರಾಂ ಇರುವಾಗ ಅದರ ನಡುವೆ ಇನ್ನೂರು ಗ್ರಾಂ ತೂಗುಹಾಕಿದರೆ ಅದು ಹಾಡುವುದು ಬೇರೆಯದೇ ಹಾಡು.

ಪ್ರತಿ ಬೆಲ್ಟನ್ನೂ ಬೇರೆ ಬೇರೆಯಾಗಿ ಮೀಟಬೇಕು. ಒಂದು ಸಲ ಅಳೆದ ಮೇಲೆ ಪುಲ್ಲಿಯನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ, ಹೀಗೆ ನಾಲ್ಕು ಸಲ ಮಾಡಿ ಸರಾಸರಿ ತೆಗೆಯಿರಿ. ಪುಲ್ಲಿ ಸ್ವಲ್ಪ ಓರೆಯಾಗಿ ಕೂತಿದ್ದರೂ ಸಂಖ್ಯೆ ಒಂದೊಂದು ಜಾಗದಲ್ಲಿ ಒಂದೊಂದು ಬರುತ್ತದೆ. ತಿರುಗಿಸುವಾಗ ಪುಲ್ಲಿಯನ್ನು ಹಿಡಿಯಿರಿ, ಬೆಲ್ಟನ್ನು ಹಿಡಿದು ಎಳೆಯಬೇಡಿ. ಬೆರಳು ಬೆಲ್ಟಿನ ಜೊತೆ ಪುಲ್ಲಿಯೊಳಗೆ ಹೋಗಲು ಕರೆಂಟು ಬೇಕಾಗಿಲ್ಲ.

‘ಒಂದೊಂದಾಗಿ’ ಎಂಬ ಮಾತಿಗೆ ನಾನು ದಂಡ ಕಟ್ಟಿದ್ದೇನೆ. ಬಿಗಿತ ಅಳೆಯುವ ಎಲೆಕ್ಟ್ರಾನಿಕ್ ಮೀಟರು ಮೊದಲ ಸಲ ಕೈಗೆ ಬಂದಾಗ ಅದು ಮೂರು ವಿಷಯ ಕೇಳಿತು: ತೂಕ, ಬೆಲ್ಟುಗಳ ಸಂಖ್ಯೆ, ಸ್ಪ್ಯಾನ್. ಮೂರು ಬೆಲ್ಟಿನ ಡ್ರೈವ್, ನಾನು 3 ಒತ್ತಿದೆ. ಅದು ಕೇಳಿದ್ದು ಬೆನ್ನು ಕೂಡಿಸಿ ಒಂದೇ ಪಟ್ಟಿಯಾಗಿ ಮಾಡಿದ ಬೆಲ್ಟಿನಲ್ಲಿ ಎಷ್ಟು ಎಳೆ ಎಂದು. ಬಿಡಿ ಬೆಲ್ಟಿಗೆ 1 ಒತ್ತಬೇಕಿತ್ತು. ಮೀಟರು ಮೂರು ಪಟ್ಟು ಬಿಗಿತ ತೋರಿಸಿತು, ನಾನು ಸಡಿಲಿಸಿದೆ, ಮತ್ತೆ ಸಡಿಲಿಸಿದೆ, ಸಂಖ್ಯೆ ಹೊಂದಿದಾಗ ಖುಷಿಯಿಂದ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಯಂತ್ರ ಚಾಲೂ ಮಾಡಿದ ಕೂಡಲೇ ಬೆಲ್ಟುಗಳು ಕಿರುಚಿದ ದನಿ ಗೇಟಿನವರೆಗೆ ಕೇಳಿಸಿತು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ನಮ್ಮ ಹಿರಿಯ ಮೇಸ್ತ್ರಿ ಏನೂ ಹೇಳದೆ ಬಂದು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ನನ್ನ ಮುಖ ನೋಡಿ ಹೋದರು.

ನಿಮ್ಮ ಬೆಲ್ಟುಗಳು ಒಂದೊಂದಾಗಿ ಕಿತ್ತುಹೋಗುತ್ತವೆ ಎಂದಿದ್ದೀರಿ. ಕಿತ್ತುಹೋದದ್ದನ್ನು ಮಾತ್ರ ಬದಲಿಸುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಹಳೆಯ ಎರಡು ಹಿಗ್ಗಿರುತ್ತವೆ, ಹೊಸದು ಗಿಡ್ಡ. ಹೊಸದರಲ್ಲಿ 45, ಹಳೆಯವುಗಳಲ್ಲಿ 30 ಬಂದರೆ ಆಶ್ಚರ್ಯವಿಲ್ಲ. ಅಂದರೆ ಹೊಸ ಬೆಲ್ಟೊಂದೇ ಉಳಿದೆರಡರ ಹೊರೆಯನ್ನೂ ಹೊತ್ತು ಬೇಗ ಸಾಯುತ್ತದೆ. ಮೂರನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಜೋಡಣೆಯ ಬೆಲ್ಟುಗಳನ್ನು ಹಾಕಿ. ಹಾಕುವ ಮೊದಲು ಪುಲ್ಲಿಯ ತೋಡಿನೊಳಗೆ ಇಣುಕಿ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಪಕ್ಕಗಳಲ್ಲಿ ಕಚ್ಚದೆ ತಳ ಮುಟ್ಟಿ ಜಾರುತ್ತಿದೆ ಎಂದರ್ಥ. ಆಗ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಪುಲ್ಲಿಯನ್ನೇ ಬದಲಿಸಬೇಕು. ನಿಮ್ಮ ಮೇಸ್ತ್ರಿಯವರು ಅಷ್ಟು ಬಿಗಿಯುತ್ತಿರುವುದಕ್ಕೆ ಇದೂ ಕಾರಣವಿರಬಹುದು: ಜಾರುವ ಬೆಲ್ಟನ್ನು ಕಂಡವರು ಬಿಗಿಯದೆ ಇನ್ನೇನು ಮಾಡುತ್ತಾರೆ? ಎರಡೂ ಪುಲ್ಲಿಗಳ ಮುಖಕ್ಕೆ ನೂಲು ಎಳೆದು ಹಿಡಿದು ಒಂದೇ ನೇರದಲ್ಲಿವೆಯೇ ಎಂದೂ ನೋಡಿ.

ಈ ಲೆಕ್ಕ ಎಲ್ಲ ಬೆಲ್ಟಿಗೂ ಹೊಂದುವುದಿಲ್ಲ. ಬೆಲ್ಟ್ ನಿಜವಾದ ತಂತಿಯಲ್ಲ, ಅದಕ್ಕೆ ದಪ್ಪವಿದೆ, ಬಾಗಲು ಹಟವಿದೆ. ಸ್ಪ್ಯಾನ್ ತೀರಾ ಗಿಡ್ಡವಾದರೆ ಆ ಹಟವೇ ಆವೃತ್ತಿಯನ್ನು ಏರಿಸಿ ಇಲ್ಲದ ಬಿಗಿತವನ್ನು ತೋರಿಸುತ್ತದೆ. ದಪ್ಪದ ಇಪ್ಪತ್ತು ಪಟ್ಟಿಗಿಂತ ಸ್ಪ್ಯಾನ್ ಕಡಿಮೆ ಇದ್ದರೆ ನಾನು ಈ ಸೂತ್ರವನ್ನು ನಂಬುವುದಿಲ್ಲ. ನಿಮ್ಮ ಬಿ ಬೆಲ್ಟ್ 11 ಮಿ.ಮೀ. ದಪ್ಪ, ಸ್ಪ್ಯಾನ್ ಅದರ ಐವತ್ತು ಪಟ್ಟು ದಾಟುತ್ತದೆ, ಚಿಂತೆಯಿಲ್ಲ. ಎರಡು ಮೂರು ಮೀಟರ್ ಉದ್ದದ ಹಳೆಯ ಚಪ್ಪಟೆ ಬೆಲ್ಟುಗಳಲ್ಲಿ ಆವೃತ್ತಿ ಎಷ್ಟು ಇಳಿಯುತ್ತದೆಂದರೆ ಮೈಕಿಗೆ ಏನೂ ಕೇಳಿಸುವುದಿಲ್ಲ, ಅಲ್ಲಿ ತಕ್ಕಡಿಯೋ ಕ್ಯಾಮೆರಾವೋ ಗತಿ. ಕಾರಿನ ಎಂಜಿನ್ನಿನ ಹಲ್ಲಿನ ಬೆಲ್ಟುಗಳು ಹಗುರ, ಸ್ಪ್ಯಾನ್ ಗಿಡ್ಡ. ಅವು ಎತ್ತರದ ದನಿಯಲ್ಲಿ ಚೆನ್ನಾಗಿ ನುಡಿಯುವುದರಿಂದ ಮೊಬೈಲಿಗೆ ಸಲೀಸಾಗಿ ಸಿಗುತ್ತವೆ.

ಹೊಸ ಬೆಲ್ಟ್ ಹಾಕಿದ ದಿನ 32ಕ್ಕೆ ನಿಲ್ಲಿಸಬೇಡಿ, 38ಕ್ಕೆ ಏರಿಸಿ. ಮೊದಲ ಒಂದು ದಿನದಲ್ಲಿ ಬೆಲ್ಟ್ ಹಿಗ್ಗಿ ತೋಡಿನೊಳಗೆ ಕೂತು ಬಿಗಿತದ ಒಂದು ಪಾಲು ಇಳಿದೇ ಇಳಿಯುತ್ತದೆ. ಅದಕ್ಕಾಗಿ ಮೊದಲೇ 1.4 ಪಟ್ಟು ಬಿಗಿತ ಕೊಡುವುದು ರೂಢಿ. ಅರ್ಧ ಗಂಟೆ ಓಡಿಸಿ ಒಮ್ಮೆ, ಮರುದಿನ ಇನ್ನೊಮ್ಮೆ ಅಳೆಯಿರಿ. 32ರ ಕೆಳಗೆ ಇಳಿದಿದ್ದರೆ ಮತ್ತೆ 32–33ಕ್ಕೆ ತನ್ನಿ, 38ಕ್ಕಲ್ಲ. ಆಮೇಲೆ ತಿಂಗಳಿಗೊಮ್ಮೆ ನೋಡಿದರೆ ಸಾಕು. ಹಾಕುವಾಗ ಮೋಟಾರಿನ ಬೋಲ್ಟು ಸಡಿಲಿಸಿ, ಅದನ್ನು ಒಳಕ್ಕೆ ಸರಿಸಿಯೇ ಹಾಕಿ. ಹಾರೆಯಿಂದ ಬೆಲ್ಟನ್ನು ಪುಲ್ಲಿಯ ಅಂಚಿನ ಮೇಲೆ ಮೀಟಿ ಹತ್ತಿಸಿದರೆ ಒಳಗಿನ ದಾರ ಅಲ್ಲೇ ಹರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ನಾಲ್ಕು ತಿಂಗಳಿಗೆ ಬೆಲ್ಟ್ ಕಿತ್ತುಬರುತ್ತದೆ. ಈ ನಾಲ್ಕು ತಿಂಗಳ ಲೆಕ್ಕ ನಿಮಗೆ ಪರಿಚಿತವೆಂದು ತೋರುತ್ತದೆ.

ಗಾರ್ಡಿನ ಒಳಮೈಗೆ ಬಿಳಿ ಪೇಂಟಿನಲ್ಲಿ ‘ಹೊಸತಕ್ಕೆ 38, ಆಮೇಲೆ 32’ ಎಂದು ಬರೆಸಿ, ಪಕ್ಕದಲ್ಲಿ ಬೆಲ್ಟ್ ಹಾಕಿದ ತಾರೀಖು. ತಕ್ಕಡಿಯಲ್ಲಿ ನಿಮ್ಮ ಬೆಲ್ಟ್ 340 ಗ್ರಾಂ ಬಿಟ್ಟು ಬೇರೆ ತೂಗಿದರೆ, ಅಥವಾ ಶಾಫ್ಟುಗಳ ಅಂತರ 600 ಅಲ್ಲದಿದ್ದರೆ, ಬರೆಯುವ ಮೊದಲು ಮಗನಿಂದ ಲೆಕ್ಕ ಮತ್ತೊಮ್ಮೆ ಮಾಡಿಸಿ.